ತಳದ ಮುದ್ರೆ

೨೦೧೧, ಆಗಸ್ಟ್ ೯, ಮಂಗಳವಾರ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಗಾಳಿಯಲ್ಲಿ ತೇವವಿತ್ತು.

ಹೊಳೆದಂಡೆಯ ಆಶ್ರಮದಲ್ಲಿ ಕೀಲುನೋವಿನ ಎಣ್ಣೆ ಕಾಯಿಸುತ್ತಿದ್ದರು. ಎಣ್ಣೆ ತುಂಬಿದ ಗಾಜಿನ ಸೀಸೆಗಳಿಗೆ ರಟ್ಟಿನ ಪೆಟ್ಟಿಗೆ ಬೇಕು. ಅದನ್ನು ಗುರು ಮುದ್ದಯ್ಯನವರೂ ಅವರ ಶಿಷ್ಯ ಹಾಲೇಶನೂ ಮಾಡುತ್ತಿದ್ದರು.

ಪ್ರತಿ ಪೆಟ್ಟಿಗೆಯ ತಳಕ್ಕೆ ಒಂದು ದುಂಡನೆಯ ಮರದ ಮುದ್ರೆ ಒತ್ತುವುದು ಅಲ್ಲಿನ ರೂಢಿ. ಅದರಲ್ಲಿ ಮಾಡಿದವನ ಹೆಸರಿರುತ್ತದೆ. ಮೂವತ್ತು ವರ್ಷಗಳಿಂದ ಇದ್ದದ್ದು ಮುದ್ದಯ್ಯನವರ ಹೆಸರೊಂದೇ. ಹಾಲೇಶ ಮಾಡಿದ ಪೆಟ್ಟಿಗೆಗಳೂ ಅದೇ ಹೆಸರಿನಲ್ಲಿ ಹೊಳೆ ದಾಟುತ್ತಿದ್ದವು.

"ಗುರುಗಳೇ, ನಾಲ್ಕು ವರ್ಷ ಆಯ್ತು. ನನಗೊಂದು ಮುದ್ರೆ ಯಾವಾಗ ಕೊಡ್ತೀರಿ?"

"ಏನೇನು ಕಲಿತೆ?"

"ಎರಡು ಪದರದ ಕಾಗದ ಸೀಸೆಗೆ ಸುತ್ತೋಕೆ. ಮೂರು ಪದರದ ರಟ್ಟು ಹಗುರ ಸಾಮಾನಿಗೆ. ತುಂಬಿದ ಸೀಸೆಗೆ ಐದು ಪದರ. ಹೊರಮೈಗೆ ಮರದ ನಾರಿನ ಕ್ರಾಫ್ಟ್ ಕಾಗದವೇ ಆಗಬೇಕು. ಒಳಗೆ ಅಲೆ ಅಲೆಯಾಗಿ ಮಡಿಸೋ ಪದರಕ್ಕೆ ಹಳೇ ಕಾಗದದ ಬೂದು ಹಾಳೆ ನಡೆಯುತ್ತೆ. ಮಳೆಗಾಲದಲ್ಲಿ ಅದೂ ಬೇಡ."

"ಮತ್ತೆ?"

"ಮತ್ತೇನಿದೆ?"

ಮುದ್ದಯ್ಯ ಅಂಟು ಕಲಸತೊಡಗಿದರು.

ಅಷ್ಟರಲ್ಲಿ ದಂಡೆಗೆ ಹರಿಗೋಲು ಬಂತು. ಇಳಿದವಳು ಆಚೆ ದಡದ ಧರ್ಮ ಔಷಧಾಲಯ ನೋಡಿಕೊಳ್ಳುವ ಗುತ್ಯಮ್ಮ. ಅವಳ ಕಂಕುಳಲ್ಲಿ ಕುಸಿದು ಚಪ್ಪಟೆಯಾದ ಪೆಟ್ಟಿಗೆಯೊಂದಿತ್ತು.

"ನಮ್ಮ ಉಗ್ರಾಣದ ನೆಲಕ್ಕೆ ಇನ್ನು ಈ ಜನ್ಮದಲ್ಲಿ ಕೀಲುನೋವು ಬರಲ್ಲ ಬಿಡಿ ಸ್ವಾಮಿ. ಅರವತ್ತು ಸೀಸೆ ಎಣ್ಣೆ ಕುಡಿದಿದೆ."

"ಎಷ್ಟು ಎತ್ತರ ಜೋಡಿಸಿದ್ದೆ?"

"ಯಾವಾಗಲೂ ಹೇಗೋ ಹಾಗೇ. ಆರರ ಮೇಲೆ ಏಳನೇದು ಇಟ್ಟವಳಲ್ಲ ನಾನು. ಅಡಿಯವೆಲ್ಲ ಕೂತುಬಿಟ್ಟವು." ಅವಳು ಪೆಟ್ಟಿಗೆಯನ್ನು ಬೋರಲು ಹಾಕಿದಳು. "ಯಾರು ಮಾಡಿದ್ದು ಇದು?"

ಹಾಲೇಶನಿಗೆ ಅದು ತನ್ನ ಕೈಕೆಲಸವೆಂದು ನೋಡಿದೊಡನೆ ತಿಳಿಯಿತು. ಬಾಯಿ ತೆರೆದ.

ಮುದ್ದಯ್ಯ ಮುದ್ರೆಯ ಮೇಲೆ ಬೆರಳಿಟ್ಟರು. "ಹೆಸರು ನನ್ನದು. ಪೆಟ್ಟಿಗೆಯೂ ನನ್ನದು."

"ನಿಮ್ಮ ಹೆಸರು ನೋಡಿಯೇ ನಾನು ಇಷ್ಟು ವರ್ಷ ಒಂದನ್ನೂ ಬಿಚ್ಚಿ ನೋಡಲಿಲ್ಲ."

"ನಡಿ, ನಾನೂ ಬರ್ತೀನಿ."

ಹೊರಡುವಾಗ ಅವರು ಪೆಟ್ಟಿಗೆಯನ್ನು ಶಿಷ್ಯನ ಮುಂದಿಟ್ಟರು. "ಇದು ಯಾಕೆ ಬಿತ್ತು? ನಾನು ಬರೋ ಹೊತ್ತಿಗೆ ಹೇಳು."

ಹಾಲೇಶ ಪದರ ಎಣಿಸಿದ. ಐದೂ ಇದ್ದವು. ಹೊರಮೈ ಗಟ್ಟಿ ಕ್ರಾಫ್ಟ್, ಒಳಗೂ ಅದೇ. ಅಂಟು ಎಲ್ಲೂ ಬಿಟ್ಟಿರಲಿಲ್ಲ.

ತೇವಕ್ಕೆ ಬಿದ್ದಿರಬೇಕು ಅಂದುಕೊಂಡ. ಆದರೆ ಗುರುಗಳ ಪೆಟ್ಟಿಗೆಗಳು ಮೂವತ್ತು ಮಳೆಗಾಲ ಅದೇ ಉಗ್ರಾಣದಲ್ಲಿ ನಿಂತಿದ್ದವು.

ಗುರುಗಳ ಹಳೆಯ ಪೆಟ್ಟಿಗೆಯೊಂದು ಮೂಲೆಯಲ್ಲಿತ್ತು. ಅದರ ಒಂದು ಗೋಡೆ ಕತ್ತರಿಸಿ ನಿಲ್ಲಿಸಿದ. ಮೇಲಂಚಿಗೆ ಕಣ್ಣಿಟ್ಟ. ಅಲೆಗಳ ನಡುವಿನ ಕೊಳವೆಗಳಲ್ಲಿ ಕೆಳಗಿನ ನೆಲ ಚುಕ್ಕಿ ಚುಕ್ಕಿಯಾಗಿ ಕಂಡಿತು.

ತನ್ನದನ್ನೂ ಹಾಗೇ ಕತ್ತರಿಸಿ ಕಣ್ಣಿಟ್ಟ. ಕಂಡದ್ದು ಬರೀ ಕಾಗದ.

ಅವನು ಎರಡು ತುಂಡುಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟ.

ಸಂಜೆ ಮುದ್ದಯ್ಯ ಬಂದು ಕಾಲು ತೊಳೆದುಕೊಂಡರು.

"ಹೇಳು."

"ಗುರುಗಳೇ, ರಟ್ಟಿನ ಹಾಳೆಯನ್ನು ನಾನು ಅಡ್ಡ ಹಾಕಿ ಕತ್ತರಿಸಿದೆ. ನೀವು ಕತ್ತರಿಸೋ ಹಾಗೆ ಮಾಡಿದರೆ ಹಾಳೆಗೆ ಎರಡೇ ಪೆಟ್ಟಿಗೆ. ಅಡ್ಡ ಹಾಕಿದರೆ ಮೂರು ಬರುತ್ತೆ. ನಿಮಗೆ ಹೊಳೆಯದ್ದು ನನಗೆ ಹೊಳೆಯಿತು ಅಂದುಕೊಂಡಿದ್ದೆ."

"ಆಮೇಲೆ?"

"ನಿಮ್ಮ ಪೆಟ್ಟಿಗೆಯ ಕೊಳವೆಗಳು ಕಂಬದ ಹಾಗೆ ನಿಂತಿವೆ. ನನ್ನವು ಮಲಗಿವೆ. ಮಲಗಿದ್ದರ ಮೇಲೆ ಭಾರ ಹೇರಿದೆ. ಐದು ಪದರ ಇದ್ದೇನು ಬಂತು?"

ಮುದ್ದಯ್ಯ ತಲೆಯಾಡಿಸಿದರು. "ನನ್ನದೂ ಒಂದು ತಪ್ಪಿದೆ. ಮುದ್ರೆ ಒತ್ತೋ ಮುಂಚೆ ಅಂಚಿಗೆ ಕಣ್ಣಿಡಬೇಕಿತ್ತು. ನಿನ್ನ ಮುಖ ನೋಡಿ ಒತ್ತಿಬಿಟ್ಟೆ."

ಅವರು ಚೀಲದಿಂದ ಒಂದು ಮರದ ಬಿಲ್ಲೆ ತೆಗೆದು ಅವನ ಮುಂದಿಟ್ಟರು. ದುಂಡಗೆ ನುಣುಪಾಗಿತ್ತು. ಅದರ ಮೇಲೆ ಇನ್ನೂ ಏನೂ ಕೆತ್ತಿರಲಿಲ್ಲ.

"ಆಚೆ ದಡದ ಬಡಗಿಯ ಹತ್ತಿರ ಮಾಡಿಸಿದೆ. ನಿನ್ನ ಹೆಸರು ಕೆತ್ತಿಕೋ."

ಹಾಲೇಶ ಕೈ ಹಿಂದಕ್ಕೆಳೆದುಕೊಂಡ. "ಇವತ್ತೇ? ಅರವತ್ತು ಸೀಸೆ ಒಡೆದವನಿಗೆ?"

"ಅವು ಯಾಕೆ ಒಡೆದವು ಅಂತ ಬಲ್ಲವನಿಗೆ."

"ನಾನು ಉತ್ತರ ಹೇಳದೆ ಹೋಗಿದ್ದರೆ?"

"ಈ ಬಿಲ್ಲೆ ಒಲೆಗೆ ಸೌದೆ ಆಗ್ತಿತ್ತು. ಆದರೆ ನೀನು ಹೇಳ್ತೀಯ ಅಂತ ಗುತ್ಯಮ್ಮನಿಗೆ ಆಗಲೇ ಹೇಳಿ ಬಂದಿದ್ದೆ."

ಹಾಲೇಶ ಬಿಲ್ಲೆಯತ್ತ ನೋಡಿದ. ನಾಲ್ಕು ವರ್ಷ ಕೇಳಿದ್ದು ಈಗ ಎದುರಿಗಿತ್ತು, ಮುಟ್ಟಲು ಧೈರ್ಯ ಬರಲಿಲ್ಲ.

"ಇನ್ನೊಂದು ವರ್ಷ ನಿಮ್ಮ ಮುದ್ರೆಯಲ್ಲೇ ಹೋಗಲಿ ಗುರುಗಳೇ. ಈ ಸಲ ಒಂದೊಂದನ್ನೂ ಕಣ್ಣಿಟ್ಟು ನೋಡ್ತೀನಿ. ಎಲ್ಲಿ, ನಿಮ್ಮ ಮುದ್ರೆ ಕೊಡಿ."

ಮುದ್ದಯ್ಯ ಖಾಲಿ ಚೀಲವನ್ನು ಮಡಿಸಿ ಗೂಟಕ್ಕೆ ಹಾಕಿದರು.

"ಒಡೆದ ಅರವತ್ತು ಸೀಸೆಗೆ ದಂಡವಾಗಿ ಅದನ್ನೇ ಗುತ್ಯಮ್ಮನಿಗೆ ಕೊಟ್ಟು ಬಂದೆ."