ಬಾಲಚುಕ್ಕಿಗೆ ಕೆನ್ನೆಯೊಡ್ಡಿದ ಬೊಮ್ಮಕ್ಕ

ಬಹಳ ಹಿಂದೆ, ಹಿರೇತೊರೆ ಎಂಬ ಒಂದು ಊರಿನಲ್ಲಿ ಕಂಚುಗಾರರ ಮನೆಯೊಂದಿತ್ತು. ಆ ಮನೆಯ ಗಂಟೆ ತೂಗದ ಗುಡಿ ಸುತ್ತಲಿನ ಸೀಮೆಯಲ್ಲೇ ಇರಲಿಲ್ಲವಂತೆ. ಒಡಕು ದನಿಯ ಗಂಟೆ ಅಲ್ಲಿಂದ ಹೊರಬಿದ್ದದ್ದಿಲ್ಲ, ಕೊಟ್ಟ ಮಾತು ತಪ್ಪಿದ್ದಿಲ್ಲ. ಅಜ್ಜನ ಅಜ್ಜ ಹೊತ್ತಿಸಿದ ಕುಲುಮೆ ಒಮ್ಮೆಯೂ ಆರಿರಲಿಲ್ಲ. ಅದನ್ನು ಕಾಯುತ್ತಿದ್ದವಳು ಮನೆಯ ಹಿರಿಯಳು ಬೊಮ್ಮಕ್ಕ.

ಕಂಚು ಎರೆಯುವ ಅಚ್ಚು ಕಾದಿದೆಯೇ ಎಂದು ಕಣ್ಣಿನಿಂದ ನೋಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಕೆಂಪಾಗದ ಅಚ್ಚಿನಲ್ಲೂ ಬಿಸಿಯಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕೆನ್ನೆಗೆ ತಿಳಿಯುತ್ತದೆ. ಬೊಮ್ಮಕ್ಕನ ಕೆನ್ನೆಯಂತೂ ಗೋಡೆಯಾಚೆ ಮಲಗಿದ ಬೆಕ್ಕನ್ನೂ ಗುರುತಿಸುತ್ತಿತ್ತಂತೆ.

ಒಂದು ಸಂಜೆ ಪಡುವಣದಲ್ಲಿ ಬಾಲಚುಕ್ಕಿ ಕಾಣಿಸಿತು. ಊರು ಬೆಚ್ಚಿಬಿತ್ತು. ನಿಮ್ಮ ಕುಲುಮೆಯ ಕಿಡಿಯೇ ಮೇಲೆ ಹೋಗಿ ಹೊತ್ತಿಕೊಂಡಿದೆ, ಅದು ನಮ್ಮ ಮೇಲೆ ಬೀಳುವ ಮೊದಲು ಕುಲುಮೆ ಆರಿಸಿ ಎಂದು ಊರಗೌಡ ಹೇಳಿಕಳಿಸಿದ. ಬೊಮ್ಮಕ್ಕ ದಂಗಾದಳು. ಆ ಮನೆಗೆ ಅಂಥ ಮಾತನ್ನು ಯಾರೂ ಆಡಿದ್ದಿಲ್ಲ.

ಚುಕ್ಕಿಯಲ್ಲಿ ಬೆಂಕಿಯಿದೆಯೇ ಎಂದು ತಿಳಿಯಲು ಅವಳು ದೊಡ್ಡ ಕಂಚಿನ ಹರಿವಾಣವನ್ನು ಕನ್ನಡಿಯಂತೆ ಉಜ್ಜಿಸಿದಳು. ಗುಡ್ಡಕ್ಕೆ ಹೊರಿಸಿದಳು. ಅದರ ಕುಳಿಯನ್ನು ಬಾಲಚುಕ್ಕಿಯತ್ತ ತಿರುಗಿಸಿ, ಶಾಖ ಬಂದು ಕೂಡುವಲ್ಲಿ ಕೆನ್ನೆಯೊಡ್ಡಿದಳು. ಊರೂ ಹಿಂದೆಯೇ ಬಂತು.

“ಏನು ಬೊಮ್ಮಕ್ಕ, ಚುಕ್ಕಿಗೆ ಜ್ವರವೋ?” ಎಂದ ಗೌಡ.

“ಸುಮ್ಮನಿರಿ ಗೌಡರೇ, ನಿಮ್ಮ ಬಾಯಿಯ ಬಿಸಿ ಅಡ್ಡ ಬರುತ್ತಿದೆ.”

ಚುಕ್ಕಿಯಿಲ್ಲದ ಬರಿಯ ಆಕಾಶ ಅವಳ ಕೆನ್ನೆಗೆ ತಣ್ಣಗಿತ್ತಂತೆ. ಚುಕ್ಕಿಯ ಬಾಲವೆಲ್ಲ ನವಿರು ದೂಳು, ಬಿಸಿಲಿಗೆ ಹರವಿದ ಹಿಟ್ಟಿನಷ್ಟು ಬೆಚ್ಚಗೆ. ತಲೆಯ ನಡುವೆ ಕಣ್ಣಿಗೆ ಕಾಣದ ಒಂದು ಗಟ್ಟಿ ಉಂಡೆಯಿದೆ, ಮಸಿಗಿಂತ ಕಪ್ಪು, ಬಿಸಿಲು ಕುಡಿದು ದೂಳು ಉದುರಿಸುತ್ತಿದೆ ಎಂದಳು. ಸ್ವಂತ ಬೆಂಕಿ ಅದಕ್ಕಿಲ್ಲ, ಇರುವುದೆಲ್ಲ ಸೂರ್ಯನ ಕಾವು ಎಂದಳು. ಗೌಡನೂ ಕೆನ್ನೆಯೊಡ್ಡಿದ. ಅವಳ ಮಾತು ನಿಜವೆಂದು ತಿಳಿದು ಅವನ ಮುಖ ಬಿಳಿಚಿಕೊಂಡಿತಂತೆ.

ಎಲ್ಲರೂ ಕೆಳಗಿಳಿದರು. ಕುಲುಮೆಯಲ್ಲಿ ಕಪ್ಪು ನೀರು ನಿಂತಿತ್ತು. ಇವರು ಗುಡ್ಡದಲ್ಲಿದ್ದಾಗಲೇ, ಗೌಡ ಮೊದಲೇ ಹೇಳಿಟ್ಟಿದ್ದಂತೆ, ಅವನ ಆಳುಗಳು ಕೊಡಗಟ್ಟಲೆ ನೀರು ಸುರಿದಿದ್ದರು. ಕಂಚು ಕರಗಿಸುವ ಮೂಸೆ ಸೀಳಿಹೋಗಿತ್ತು. ಬೊಮ್ಮಕ್ಕ ಬಗ್ಗಿ ಕುಲುಮೆಗೆ ಕೆನ್ನೆ ಹಚ್ಚಿದಳಂತೆ. ಏನೂ ತಿಳಿಯಲಿಲ್ಲವಂತೆ.

ಊರಿನವರು ಬಾಗಿಲಿಗೆ ಬಂದು ತಪ್ಪಾಯಿತೆಂದ ಮೇಲೆಯೇ ಅವಳು ಮತ್ತೆ ಬೆಂಕಿ ಹೊತ್ತಿಸಿದ್ದು. ಇಂದಿಗೂ ಬಾಲಚುಕ್ಕಿ ಕಂಡ ಸಂಜೆ ಹಿರೇತೊರೆಯವರು ದೀಪ ಹಚ್ಚುವ ಮೊದಲು ಆ ಮನೆಗೆ ಹೋಗಿ, ಹರಿವಾಣಕ್ಕೆ ಕೆನ್ನೆ ತಾಗಿಸಿ, ನಮ್ಮದು ತಪ್ಪಾಯಿತು ಎನ್ನುತ್ತಾರೆ.

ಗೌಡರ ಮನೆಯವರು ಮಾತ್ರ ಈವರೆಗೆ ಬಂದಿಲ್ಲ. ಅವರು ಬಂದು ಕ್ಷಮೆ ಕೇಳಬೇಕು.