ಗೋಸುಂಬೆಯ ಸಂದರ್ಶನ

ಕೆರೆಯಲ್ಲಿ ನೀರು ಕುಡಿಯುವಾಗ ಎರಡು ಮರಿಗಳು ಚಿರತೆಯ ಪಾಲಾದ ಮೇಲೆ ಜಿಂಕೆಗಳ ಹಿಂಡಿಗೆ ಒಬ್ಬ ಕಾವಲುಗಾರ ಬೇಕೆನಿಸಿತು. ಹಿಂಡಿನ ಹಿರಿಯಳೇ ಕೆರೆಯ ದಂಡೆಯಲ್ಲಿ ಸಂದರ್ಶನಕ್ಕೆ ಕೂತಳು. ಕೆಲಸ ಕೇಳಿಕೊಂಡು ಬಂದವರು ಇಬ್ಬರು: ಒಂದು ಗೋಸುಂಬೆ, ಒಂದು ಟಿಟ್ಟಿಭ ಹಕ್ಕಿ.

ಮೊದಲ ಸರದಿ ಗೋಸುಂಬೆಯದು. ಅದು ಎದುರಿನ ಕೊಂಬೆಯ ಮೇಲೆ ಕೂತು, ಹಿರಿಯಳ ಮೈಬಣ್ಣಕ್ಕೇ ತಿರುಗಿ, ತಲೆಬಾಗಿ ನಮಸ್ಕರಿಸಿತು.

“ನಿನ್ನ ವಿಶೇಷವೇನು?”

“ನನ್ನ ಎರಡು ಕಣ್ಣು ಎರಡು ದಿಕ್ಕಿಗೆ ತಿರುಗುತ್ತವೆ, ಅಮ್ಮಾ.”

“ಭೇಷ್! ಇಲ್ಲಿ ಅಪಾಯ ಯಾವ ಕಡೆಯಿಂದ ಹೆಚ್ಚು?”

“ತಾವು ಯಾವ ಕಡೆ ಅನ್ನುತ್ತೀರೋ ಆ ಕಡೆಯಿಂದಲೇ.”

ಹಿರಿಯಳಿಗೆ ಈ ವಿನಯ ಬಹಳ ಹಿಡಿಸಿತು. ಅವಳು ತನ್ನ ಹಿಂಡಿನ ಹಿರಿಮೆಯನ್ನು ಹೇಳತೊಡಗಿದಳು. ಗೋಸುಂಬೆ ಪ್ರತಿ ಮಾತಿಗೂ ತಲೆದೂಗಿತು.

ಅಷ್ಟರಲ್ಲಿ, ಕೆಸರುಗಾಲಲ್ಲೇ ಸರದಿ ಕಾಯುತ್ತಿದ್ದ ಟಿಟ್ಟಿಭ, “ಮಾತು ಸಾಕು, ಓಡಿ! ಹುಲ್ಲಿನಲ್ಲಿ ಚಿರತೆ!” ಎಂದು ಕಿರುಚಿತು. ಹಿಂಡು ದಡದಡನೆ ದಿಬ್ಬ ಹತ್ತಿತು. ಚಿರತೆ ಹಸಿದ ಹೊಟ್ಟೆಯಲ್ಲೇ ಹಿಂತಿರುಗಿತು.

ಏದುಸಿರು ಇಳಿದ ಮೇಲೆ ಹಿರಿಯಳು ಮರಳಿ ಬಂದು ಕೇಳಿದಳು: “ಗೋಸುಂಬೆ, ನಿನಗೆ ಚಿರತೆ ಕಾಣಲಿಲ್ಲವೇ?”

“ಕಂಡಿತ್ತು, ಅಮ್ಮಾ. ಟಿಟ್ಟಿಭಕ್ಕಿಂತ ಮೊದಲೇ ಕಂಡಿತ್ತು.”

“ಮತ್ತೇಕೆ ಹೇಳಲಿಲ್ಲ?”

“ತಾವು ಮಾತಾಡುತ್ತಿದ್ದಿರಿ. ಮೊದಲ ಭೇಟಿಯಲ್ಲೇ ನಡುವೆ ಬಾಯಿ ಹಾಕಿದರೆ ತಮಗೆ ನನ್ನ ಬಗ್ಗೆ ಏನನ್ನಿಸೀತೋ ಎಂದು ಸುಮ್ಮನಿದ್ದೆ.”

ಹಿರಿಯಳು ಟಿಟ್ಟಿಭದ ಕಡೆ ತಿರುಗಿದಳು. “ನೀನು ಕೆಲಸಕ್ಕೆ ಯಾವಾಗ ಸೇರುತ್ತೀಯ?”

“ಸೇರಿ ಆಗಲೇ ಒಂದು ಗಳಿಗೆಯಾಯಿತು,” ಎಂದಿತು ಟಿಟ್ಟಿಭ, ಹುಲ್ಲಿನ ಮೇಲಿಂದ ಕಣ್ಣು ತೆಗೆಯದೆ.