ಸತ್ತ ಆನೆ ಕಬ್ಬು ತಿಂದ ಕತೆ

ಹಿರೇಗವಿಪುರದ ದೊರೆ ಬಸವಂತನಾಯಕನಿಗೆ ಒಂದು ಹೆಮ್ಮೆ ಇತ್ತು. ತನ್ನ ಅರಮನೆಗೆ ಸೇರಿದವರು ಯಾರೂ ತಾವಾಗಿ ಕೆಲಸ ಬಿಟ್ಟು ಹೋದದ್ದಿಲ್ಲ ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ಹೋಗುತ್ತೇನೆಂದವರನ್ನು ತಾನು ಬಿಡುತ್ತಿರಲಿಲ್ಲ ಎನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ.

ಆ ಅರಮನೆಯಲ್ಲಿ ಮಲ್ಲರಸ ಲೆಕ್ಕ ಬರೆಯುವ ಕರಣಿಕ. ಯಾರು ಏನು ಖರ್ಚು ಹೇಳುತ್ತಾರೋ ಅದನ್ನು ಬರೆಯುವುದು, ಕೂಡುವುದು, ಕೂಡಿದ್ದು ಸರಿಯೇ ಎಂದು ಮತ್ತೆ ಕೂಡುವುದು. ಯಾಕೆ, ಏನು ಎಂದು ಕೇಳುವುದು ಕರಣಿಕನ ಕೆಲಸವಲ್ಲ ಎಂದು ಸೇರಿದ ದಿನವೇ ತಾಕೀತಾಗಿತ್ತು. ಮೀಸೆ ಚಿಗುರುವಾಗ ಚಾಪೆಯ ಮೇಲೆ ಕೂತವನು ಮೀಸೆ ನರೆತರೂ ಅಲ್ಲೇ ಇದ್ದ. ಈಚೆಗೆ ಬೇಸರ ಎಷ್ಟು ಹತ್ತಿತ್ತೆಂದರೆ, ಉಣ್ಣುವಾಗ ತುತ್ತು ಎಣಿಸುತ್ತಿದ್ದ. ಹೆಂಡತಿ ತಿರುಮಲಕ್ಕ ತವರಿನ ಸುದ್ದಿ ಹೇಳಿ ಮುಗಿಸಿದರೆ, ಒಟ್ಟು ಎಷ್ಟಾಯಿತು ಎಂದು ಕೇಳಿಬಿಡುತ್ತಿದ್ದ.

ಆಕೆಗೆ ಸಾಕಾಗಿ, ಆ ಕೆಲಸ ಬಿಟ್ಟುಬಿಡಿ ಎಂದಳು. ಬಿಟ್ಟು ಏನು ಮಾಡಲಿ ಎಂದ ಮಲ್ಲರಸ. ಬೇಸಾಯ ಗೊತ್ತಿಲ್ಲ, ಕತ್ತಿ ಹಿಡಿದರೆ ಕೈ ನಡುಗುತ್ತದೆ, ವ್ಯಾಪಾರವೆಂದರೆ ಮತ್ತೆ ಅದೇ ಲೆಕ್ಕ.

ತಿರುಮಲಕ್ಕ ಸೊಪ್ಪು ಸೋಸುತ್ತ ಹೇಳಿದಳು: "ನೀವು ಜಗಲಿಯ ಮೇಲೆ ಕೂತು ಅರಮನೆಯ ಸಂಗತಿ ಹೇಳಿದರೆ ಬೀದಿಯವರೆಲ್ಲ ಒಲೆಯ ಮೇಲಿನ ಪಾತ್ರೆ ಮರೆತು ಬಂದು ಕೂರುತ್ತಾರೆ. ಕತೆಯನ್ನೇ ಹೇಳಿಕೊಂಡಿರಿ."

ಮಲ್ಲರಸನಿಗೆ ಎಷ್ಟೋ ಕಾಲದ ಮೇಲೆ ಮೈ ಹಗುರವಾಯಿತು.

ಮರುದಿನ ಓಲಗದಲ್ಲಿ ಕೈಮುಗಿದು ನಿಂತು, ಲೆಕ್ಕ ಸಾಕಾಗಿದೆ, ಕತೆ ಹೇಳಿ ಬದುಕುತ್ತೇನೆ, ಅಪ್ಪಣೆಯಾಗಲಿ ಎಂದ. ಸಭೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ದೊರೆಯ ಭಾವಮೈದ ಮುದ್ದಣ್ಣನಾಯಕ. ಕೋಟೆಯ ದುರಸ್ತಿ ಅವನ ಉಸ್ತುವಾರಿ. ಕೂಡಿ ಕಳೆಯುವವನು ಕತೆ ಹೇಳಿದರೆ ಹಸುಗೂಸು ಬೇಗ ಮಲಗೀತು, ಅಷ್ಟು ಉಪಯೋಗವಾದೀತು ಎಂದು ಹಂಗಿಸಿದ.

ದೊರೆಗೆ ನಗು ಬರಲಿಲ್ಲ. ತನ್ನ ಹೆಮ್ಮೆಗೆ ಕುಂದು ಬರುತ್ತದಲ್ಲ ಎಂದು ಮೀಸೆ ತಿರುವಿದ.

"ನಾಳೆ ಇಲ್ಲೇ ಒಂದು ಕತೆ ಹೇಳು," ಎಂದ. "ಎಲ್ಲೂ ಆಗಲಾರದ್ದನ್ನೇ ಹೇಳಬೇಕು. ಆದರೆ ಸಭೆಯಲ್ಲಿ ಒಬ್ಬನೂ ಅದನ್ನು ಸುಳ್ಳು ಎನ್ನಕೂಡದು. ಒಬ್ಬ ಅಂದರೂ ನೀನು ಸಾಯುವ ತನಕ ಲೆಕ್ಕ ಬರೆಯುತ್ತೀಯ, ಸಂಬಳವಿಲ್ಲದೆ."

ಮರುದಿನ ಓಲಗ ಕಿಕ್ಕಿರಿದಿತ್ತು. ಸುಳ್ಳು ಎಂದು ಮೊದಲು ಕೂಗುವವರು ಯಾರು ಎಂದು ಅಧಿಕಾರಿಗಳಲ್ಲೇ ಪೈಪೋಟಿ. ಮಲ್ಲರಸ ಬರಿಗೈಯಲ್ಲಿ ಬಂದು ನಡುವೆ ಕೂತ.

"ಒಂದೂರಲ್ಲಿ ಒಂದು ಆನೆ ಇತ್ತು. ಮಳೆಗಾಲದಲ್ಲಿ ಸತ್ತುಹೋಯಿತು. ಸತ್ತ ಮೇಲೆ ಅದಕ್ಕೆ ಹಸಿವು ಹೆಚ್ಚಿತು. ಬದುಕಿದ್ದಾಗ ದಿನಕ್ಕೊಂದು ಗಾಡಿ ಕಬ್ಬು ತಿನ್ನುತ್ತಿದ್ದದ್ದು ಎರಡು ಗಾಡಿ ತಿನ್ನತೊಡಗಿತು. ಇವತ್ತು ಬೆಳಗ್ಗೆಯೂ ತಿಂದಿದೆ."

ಮುದ್ದಣ್ಣನಾಯಕನಿಗೆ ಹಬ್ಬವಾಯಿತು. ಪಕ್ಕದಲ್ಲಿದ್ದ ಗಜಶಾಲೆಯ ಮುಖ್ಯಸ್ಥ ಕಾಳೋಜಿಯನ್ನು, ಏಳು, ಸುಳ್ಳು ಅನ್ನು ಎಂದು ಮೊಣಕೈಯಲ್ಲಿ ತಿವಿದ. ಕಾಳೋಜಿ ಅಲುಗಲಿಲ್ಲ. ಮಳೆಗಾಲದಲ್ಲಿ ಸತ್ತ ಆನೆಯ ಹೆಸರಿನಲ್ಲಿ ಅಂದಿನಿಂದ ಕಬ್ಬು ತರಿಸಿ ಸಂತೆಯಲ್ಲಿ ಮಾರುತ್ತಿದ್ದವನು ಅವನೇ. ಸತ್ತ ಆನೆ ತಿನ್ನುವುದಿಲ್ಲ ಎಂದರೆ, ಕಬ್ಬು ಎಲ್ಲಿ ಹೋಯಿತೆಂಬ ಪ್ರಶ್ನೆ ಬರುತ್ತದೆ.

ದೊರೆಯೇ ಕೇಳಿದ: "ಕಾಳೋಜಿ, ಆನೆಯ ವಿಷಯ ಬಲ್ಲವನು ನೀನು. ಇದು ಆಗುವ ಮಾತೇ?"

ಕಾಳೋಜಿ ಎದ್ದು ಬೆವರು ಒರೆಸಿಕೊಂಡ. "ಮಹಾಸ್ವಾಮಿ, ಕೆಲವು ಆನೆಗಳಿಗೆ ಸತ್ತರೂ ಅಭ್ಯಾಸ ಹೋಗುವುದಿಲ್ಲ," ಎಂದ.

ಇವನೆಂಥ ಹೇಡಿ ಎಂದು ಮುದ್ದಣ್ಣನಾಯಕ ತಾನೇ ಏಳಹೊರಟ. ಮಲ್ಲರಸ ಅವನ ಕಡೆಗೇ ತಿರುಗಿ ಕತೆ ಮುಂದುವರಿಸಿದ. ಆ ಊರಿನ ಕೋಟೆಗೆ ಒಂದು ಬುರುಜು ಇತ್ತಂತೆ. ವರ್ಷವರ್ಷವೂ ಅದಕ್ಕೆ ಗಾರೆ, ಸುಣ್ಣ. ಆದರೆ ಅದಕ್ಕೆ ಎಷ್ಟು ನಾಚಿಕೆಯೆಂದರೆ, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವಂತೆ. ಸುಣ್ಣ ಬಳಿಸಿದವರ ಮನೆ ಮಾತ್ರ ವರ್ಷಕ್ಕೊಂದು ಅಂಕಣ ಬೆಳೆಯುತ್ತಿತ್ತಂತೆ.

ಅರ್ಧ ಎದ್ದಿದ್ದ ಮುದ್ದಣ್ಣನಾಯಕ ಪಂಚೆ ಸರಿಪಡಿಸಿಕೊಳ್ಳಲೆಂದೇ ಎದ್ದವನಂತೆ ಸರಿಪಡಿಸಿಕೊಂಡು ಕೂತ. ಅಂಥ ಬುರುಜುಗಳು ಇರುತ್ತವೆ ಎಂದು ಗೊಣಗಿದ. ಉಳಿದ ಅಧಿಕಾರಿಗಳು, ಮುಂದಿನ ಕತೆ ಯಾರದೋ ಎಂದು ತಮ್ಮತಮ್ಮ ಕಾಲ್ಬೆರಳು ನೋಡುತ್ತ ಕೂತರು.

ದೊರೆಗೆ ಈಗ ಎಲ್ಲ ಹೊಳೆಯಿತು. ಕಿವಿ ಕೆಂಪಾಯಿತು. ಇಷ್ಟು ತಿಳಿದವನನ್ನು ಬಿಟ್ಟುಕೊಡುವುದುಂಟೇ? ಕಳ್ಳರ ಬಾಯಿ ಕಟ್ಟಿದೆ ನಿಜ, ತನ್ನ ಬಾಯಿ ಕಟ್ಟಿಲ್ಲವಲ್ಲ. ತಾನೇ ಸುಳ್ಳು ಎಂದುಬಿಟ್ಟರೆ ಕರಣಿಕ ಸಂಬಳವಿಲ್ಲದೆ ಉಳಿಯುತ್ತಾನೆ ಎಂದು ಗಂಟಲು ಸರಿಮಾಡಿಕೊಂಡ.

ಮಲ್ಲರಸ ದನಿ ಏರಿಸದೆ ಹೇಳಿದ: "ಆ ಊರಿಗೊಬ್ಬ ದೊರೆಯೂ ಇದ್ದ. ಒಂದು ಸಲ ಹುಲಿ ಬೇಟೆಗೆ ಹೋದ."

ಬಸವಂತನಾಯಕ ತೆರೆದ ಬಾಯಿ ಮುಚ್ಚಿದ. ಹಿಂದಿನ ಬೇಸಿಗೆಯಲ್ಲಿ ಅವನು ಒಂದೇ ಬಾಣಕ್ಕೆ ಹುಲಿ ಕೆಡವಿದನೆಂದು ಊರಲ್ಲಿ ಮೆರವಣಿಗೆಯಾಗಿತ್ತು. ಅದು ಹಲ್ಲುದುರಿದ ಮುದಿ ಹುಲಿ, ದುಡ್ಡು ಕೊಟ್ಟು ತರಿಸಿ ಮರಕ್ಕೆ ಕಟ್ಟಿಸಿದ್ದು ಎಂಬುದು ಸಭೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬ ದೊರೆ, ಇನ್ನೊಬ್ಬ ಆ ದುಡ್ಡನ್ನು ಹುಲಿವೇಷದ ಖರ್ಚು ಎಂದು ಬರೆದ ಕರಣಿಕ.

"ಸಾಕು," ಎಂದ ದೊರೆ. "ನೀನು ಗೆದ್ದೆ."

ಆಮೇಲೆ ಗಹಗಹಿಸಿ ನಕ್ಕ. ದೊರೆ ನಕ್ಕದ್ದು ನೋಡಿ ಸಭೆಯೂ ತಡವಾಗಿ ನಕ್ಕಿತು. ಕೈಯ ಕಡಗ ಬಿಚ್ಚಿ ಮಲ್ಲರಸನಿಗೆ ಕೊಟ್ಟು, ಇಂದಿನಿಂದ ಲೆಕ್ಕವಿಲ್ಲ, ಕತೆಯೇ ನಿನ್ನ ಕೆಲಸ ಎಂದು ಅಪ್ಪಣೆ ಮಾಡಿದ. ಕಾಳೋಜಿಗೂ ಮುದ್ದಣ್ಣನಾಯಕನಿಗೂ ಬೆಳಗ್ಗೆ ಬಂದು ಕಾಣಲು ಹೇಳಿದ. ಆಗ ನಗುತ್ತಿರಲಿಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಮಲ್ಲರಸನನ್ನು ಹತ್ತಿರ ಕರೆದು, ಆ ಹುಲಿಯ ಕತೆಯನ್ನು ಎಷ್ಟು ಜನಕ್ಕೆ ಹೇಳಿದ್ದೀಯ ಎಂದು ಮೆಲ್ಲಗೆ ಕೇಳಿದ.

"ಅದನ್ನು ಇನ್ನೂ ಕಟ್ಟಿಯೇ ಇಲ್ಲ, ಮಹಾಸ್ವಾಮಿ," ಎಂದ ಮಲ್ಲರಸ. "ತಾವು ನನ್ನನ್ನು ಮತ್ತೆ ಲೆಕ್ಕಕ್ಕೆ ಕೂರಿಸಿದರೆ, ಬೇಸರ ಕಳೆಯಲು ಬೇಕಾಗುತ್ತದೆ ಅಂತ ಇಟ್ಟುಕೊಂಡಿದ್ದೇನೆ."